ಸಂಜೆಯ ಸೂಜಿ ನಿಂತ ಮೇಲೆ

ಹೋದ ವಾರ ಡಾಕ್ಟರು ನನ್ನ ಇನ್ಸುಲಿನ್ ಬದಲಾಯಿಸಿದರು. ಎರಡು ಹೊತ್ತಿನದು ಹೋಗಿ ದಿನಕ್ಕೊಂದೇ ಸಲದ್ದು ಬಂತು. "ಒಂದು ಚುಚ್ಚು ಉಳೀತಲ್ಲಮ್ಮ, ಖುಷಿಪಡಿ" ಎಂದು ನಕ್ಕರು. ನರ್ಸ್ ಹತ್ತಿಗೆ ಸ್ಪಿರಿಟ್ ಸುರಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೈಯನ್ನು ಹಿಂದಕ್ಕೆಳೆದುಕೊಂಡೆ. ಸೂಜಿಗೆ ಹೆದರಿದೆನೆಂದುಕೊಂಡು ಆಕೆ ನನ್ನ ಬೆನ್ನು ಸವರಿದಳು. ಒಂದು ಕಾಲದಲ್ಲಿ ಇನ್ನೊಬ್ಬರಿಗೆ ದಿನಾ ಚುಚ್ಚಿದವಳು ನಾನು, ನನಗೆ ಸೂಜಿಯ ಭಯವೇ?

ಆ ಇನ್ನೊಬ್ಬರು ನಮ್ಮತ್ತೆ. ಡೆಂಕಣಿಕೋಟೆ ಕಡೆಯವರು. ಎಂಬತ್ತರ ದಶಕದ ಮೊದಲಲ್ಲಿ ನಮ್ಮ ಯಜಮಾನರಿಗೆ ಹೊಸೂರಿನ ಕಾರ್ಖಾನೆಯಲ್ಲಿ ಕೆಲಸವಾದಾಗ ಹೊಲ ಮೈದುನನಿಗೆ ಬಿಟ್ಟು ನಮ್ಮ ಜೊತೆ ಬಂದರು. ನಾನಾಗ ಪ್ರೈಮರಿ ಶಾಲೆಯ ಟೀಚರು. ಶಾಲೆಯಲ್ಲಿ ನಲವತ್ತು ಮಕ್ಕಳು, ಮನೆಗೆ ಬಂದರೆ ನಲವತ್ತೊಂದನೆಯವರು ಅತ್ತೆ! ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ. ಸಿಟ್ಟಿಗೂ ಪ್ರೀತಿಗೂ ಒಂದೇ, 'ಟೀಚರಮ್ಮ'.

ಆಗ ಈಗಿನ ಹಾಗೆ ಪೆನ್ನಿನಂಥ ಸೂಜಿ ಎಲ್ಲಿತ್ತು? ಗಾಜಿನ ಸಿರಿಂಜು. ದಿನಾ ಪಾತ್ರೆಯಲ್ಲಿ ಕುದಿಸಬೇಕು. ಮನೆಯಲ್ಲಿ ಫ್ರಿಜ್ ಇರಲಿಲ್ಲ, ಔಷಧಿಯ ಬಾಟಲಿಯನ್ನು ನೀರಿನ ಮಡಕೆಯ ಪಕ್ಕ ಒದ್ದೆ ಮರಳಿನಲ್ಲಿ ಇಡುತ್ತಿದ್ದೆವು. ಸಕ್ಕರೆ ಎಷ್ಟಿದೆಯೆಂದು ನೋಡಲು ಮೂತ್ರವನ್ನು ನೀಲಿ ದ್ರಾವಣದ ಜೊತೆ ಗಾಜಿನ ಕೊಳವೆಯಲ್ಲಿ ಕಾಯಿಸಬೇಕಿತ್ತು. ನೀಲಿಯಾಗೇ ಉಳಿದರೆ ನೆಮ್ಮದಿ, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಅತ್ತೆ ಎಲ್ಲೋ ಸಿಹಿಗೆ ಕೈ ಹಾಕಿದ್ದಾರೆಂದು ಅರ್ಥ. "ನೋಡು, ನಿನ್ ಗಾಜಿನ ಕೊಳವೆ ಎಂಗೆ ಚಾಡಿ ಹೇಳ್ತದೆ!" ಎಂದು ಅದನ್ನೇ ಬೈಯುತ್ತಿದ್ದರು.

ಬೆಲ್ಲವೆಂದರೆ ಅವರಿಗೆ ಪ್ರಾಣ. ರಾಗಿ ಡಬ್ಬದೊಳಗೆ, ದಿಂಬಿನ ಕೆಳಗೆ, ಸೆರಗಿನ ಗಂಟಿನಲ್ಲಿ, ಎಲ್ಲೆಂದರಲ್ಲಿ ಬಚ್ಚಿಡುತ್ತಿದ್ದರು. ಕೊನೆಗೆ ನಾನು ಬೆಲ್ಲದ ಡಬ್ಬವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕಲೆಕ್ಟರಿಗೂ ಅಷ್ಟು ಗತ್ತು ಇರಲಿಕ್ಕಿಲ್ಲ. ಅತ್ತೆ ಸುಮ್ಮನಿರುವವರೇ? ತಲೆ ಸುತ್ತಿದಂತೆ, ಪ್ರಾಣ ಹೋದಂತೆ ನಟಿಸುವರು. ನಾನು ಜಗ್ಗದಿದ್ದರೆ ಒಂದು ಕಣ್ಣು ತೆರೆದು, "ಏನೇ ಟೀಚರಮ್ಮ, ನನ್ನ ಒಂದನೇ ಕ್ಲಾಸ್ ಕೂಸು ಮಾಡ್ಬುಟ್ಯಲ್ಲೇ" ಎಂದು ನಗುವರು. ನಾನೂ ನಗುತ್ತಿದ್ದೆ.

ಅವರದೊಂದು ವ್ರತವಿತ್ತು. ಶ್ರಾವಣ ಶನಿವಾರ ತಿಮ್ಮರಾಯಸ್ವಾಮಿಗೆ ಒಪ್ಪೊತ್ತು. ಮಧ್ಯಾಹ್ನ ಒಂದೇ ಊಟ, ಆಮೇಲೆ ಬರೀ ನೀರು. ಆಗಿನ ಔಷಧಿಯಲ್ಲಿ ಅದಕ್ಕೆ ನಾವೇ ಒಂದು ದಾರಿ ಮಾಡಿಕೊಂಡಿದ್ದೆವು. ಅದನ್ನು ಬೆಳಿಗ್ಗೆ ಒಂದು, ಸಂಜೆ ಒಂದು ಚುಚ್ಚಬೇಕಿತ್ತು. ಶನಿವಾರ ಸಂಜೆ ಊಟವಿಲ್ಲ, ಹಾಗಾಗಿ ಸಂಜೆಯ ಸೂಜಿಯೂ ಇಲ್ಲ. ಎಷ್ಟೋ ಶ್ರಾವಣ ಹಾಗೇ ಕಳೆದವು.

ಒಂದು ವರ್ಷ ಆಷಾಢ ಮುಗಿಯುವ ಹೊತ್ತಿಗೆ ಡಾಕ್ಟರು ಔಷಧಿ ಬದಲಿಸಿದರು. ಮೊದಲಿನದು ತಿಳಿನೀರಿನಂತಿತ್ತು, ಇದು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬು. ಬೆಳಿಗ್ಗೆ ಒಂದು ಸಲ ಹಾಕಿದರೆ ರಾತ್ರಿಯವರೆಗೂ ಕೆಲಸ ಮಾಡುತ್ತದೆ, ಸಾಯಂಕಾಲ ಹೊಟ್ಟೆ ಖಾಲಿ ಬಿಡಬೇಡಿ ಎಂದು ತಮಿಳಿನಲ್ಲಿ ಎರಡು ಸಲ ಹೇಳಿದರು. ಕೇಳಿಸಿಕೊಂಡೆ, ತಲೆಯಾಡಿಸಿದೆ. ಆದರೆ ಮೊದಲ ಶ್ರಾವಣ ಶನಿವಾರ ಬಂದಾಗ ನನ್ನ ತಲೆಗೆ ಹೊಳೆದದ್ದು ಹಳೆಯ ಲೆಕ್ಕವೇ. ಸಂಜೆಯ ಸೂಜಿಯೇ ಇಲ್ಲವಲ್ಲ, ಊಟ ಬಿಟ್ಟರೇನಂತೆ? ಬೆಳಿಗ್ಗೆಯ ಔಷಧಿ ಇನ್ನೂ ಅವರ ಮೈಯೊಳಗೆ ಸಕ್ಕರೆ ಇಳಿಸುತ್ತಲೇ ಇದೆ ಎಂಬುದು ಮಕ್ಕಳಿಗೆ ಪಾಠ ಹೇಳುವ ಈ ಮಹಾಜಾಣೆಗೆ ತೋಚಲಿಲ್ಲ.

ಯಜಮಾನರು ಎರಡನೇ ಶಿಫ್ಟಿಗೆ ಹೋಗಿದ್ದರು. ಐದು ಗಂಟೆಯಿರಬಹುದು. ಅತ್ತೆ ಅಡುಗೆಮನೆ ಬಾಗಿಲಿಗೆ ಬಂದರು.

"ಟೀಚರಮ್ಮ, ಒಂದ್ ಚೂರ್ ಬೆಲ್ಲ ಕೊಡೆ."

"ತಿಮ್ಮರಾಯ ನೋಡ್ತಾವ್ನೆ ಅತ್ತೆ," ಎಂದು ಅವರ ಧಾಟಿಯಲ್ಲೇ ಅಣಕಿಸಿದೆ.

ಸ್ವಲ್ಪ ಹೊತ್ತಿಗೆ ಮತ್ತೆ ಬಂದರು. ಹಣೆಯೆಲ್ಲ ಬೆವರು. "ಕೈ ನಡುಗ್ತದೆ ಕಣವ್ವ, ಕೊಡೆ." ವ್ರತವೂ ಬೇಕು, ಬೆಲ್ಲವೂ ಬೇಕಾ ಎಂದು ಗದರಿದೆ. ಮೂರನೇ ಸಲ ಕೇಳಿದಾಗ ಮಾತು ತೊದಲುತ್ತಿತ್ತು. "ನಾಟಕ ಸಾಕು, ಹೋಗಿ ಕೂತ್ಕೊಳ್ಳಿ" ಎಂದೆ. ಹಾಗೇ ಹೇಳಿದೆ. ತಿರುಗಿಯೂ ನೋಡಲಿಲ್ಲ.

ಚೊಂಬು ಉರುಳಿದ ಸದ್ದಿಗೆ ಹೊರಗೆ ಬಂದರೆ ಅತ್ತೆ ಗೋಡೆಗೆ ಒರಗಿ ಕುಸಿದಿದ್ದರು. ಸೀರೆ ತೊಯ್ದು ತೊಪ್ಪೆ. ಕೂಗಿದರೆ ಓ ಎನ್ನಲಿಲ್ಲ. ಪಕ್ಕದ ಮನೆಯವರು ಆಟೋ ತಂದರು. ಡಾಕ್ಟರು ನರಕ್ಕೆ ಗ್ಲೂಕೋಸು ಹಾಕಿದರು. ಅಯ್ಯೋ ದೇವರೇ, ಅತ್ತೆ ಕಣ್ಣು ಬಿಡುವಷ್ಟರಲ್ಲಿ ನಾನು ಅರ್ಧ ಸತ್ತಿದ್ದೆ.

"ಸಾಯಂಕಾಲ ಏನೂ ತಿನ್ನಿಸಲಿಲ್ವಾ? ಇವರು ಕೇಳಲಿಲ್ವಾ?" ಡಾಕ್ಟರು ನನ್ನ ಕಡೆ ತಿರುಗಿದರು.

ಅತ್ತೆ ಮಲಗಿದಲ್ಲಿಂದಲೇ ಹೇಳಿದರು: "ನಾನೇ ಬ್ಯಾಡ ಅಂದೆ ಸ್ವಾಮಿ. ಒಪ್ಪೊತ್ತು ನಂದು. ಅವ್ಳು ತಿನ್ನು ತಿನ್ನು ಅಂತ ಬಾಯ್ ಬಡ್ಕೊಂಡ್ಲು."

ಮಗನಿಗೂ ಅದನ್ನೇ ಹೇಳಿದರು. ಅವರು ಅಮ್ಮನನ್ನು ಬೈದರು, ನನ್ನನ್ನು ಸಮಾಧಾನ ಮಾಡಿದರು. ಆ ಸಮಾಧಾನದಷ್ಟು ನನ್ನನ್ನು ಸುಟ್ಟದ್ದು ಬೇರೊಂದಿಲ್ಲ. ಆದರೂ ಯಜಮಾನರಿರುವವರೆಗೂ ನಾನು ನಿಜ ಹೇಳಲಿಲ್ಲ.

ಮನೆಗೆ ಬಂದ ಮೇಲೆ ಬೀರುವಿನ ಬೀಗ ತೆಗೆದೆ. ಡಬ್ಬವನ್ನು ಅವರ ಕೈಗೆಟುಕುವಲ್ಲೇ ಇಟ್ಟೆ. ಅತ್ತೆ ಮುಟ್ಟಲಿಲ್ಲ. ಕೊಟ್ಟರೆ ತಿನ್ನುವರು, ಕೊಡದಿದ್ದರೆ ಸುಮ್ಮನಿರುವರು. ಜಗಳವಿಲ್ಲ, ಕೋಪವಿಲ್ಲ, ಟೀಚರಮ್ಮ ಎಂದು ಕರೆಯುವುದೂ ನಿಲ್ಲಲಿಲ್ಲ. ಆದರೆ ನನ್ನ ಹತ್ತಿರ ಏನನ್ನೂ ಕೇಳುವುದನ್ನು ಬಿಟ್ಟರು. ಎರಡು ವರ್ಷದ ಮೇಲೆ ಕಾಲಿನ ಗಾಯ ಕೊಳೆತು ಹಾಸಿಗೆ ಹಿಡಿದಾಗ ದಿನಾ ಪಕ್ಕದಲ್ಲಿ ಕೂತು, "ಏನಾದ್ರೂ ಬೇಕಾ ಅತ್ತೆ?" ಎನ್ನುತ್ತಿದ್ದೆ. "ಏನೂ ಬ್ಯಾಡ ಕಣವ್ವ." ಹೋಗುವ ದಿನದವರೆಗೂ ಅಷ್ಟೇ. ಒಂದೇ ಒಂದು ಸಲ ಕೇಳಿಬಿಟ್ಟಿದ್ದರೆ!

ನಿನ್ನೆ ಸಾಯಂಕಾಲ, ಹೊಸ ಇನ್ಸುಲಿನ್ನಿನ ಆರನೇ ದಿನ, ನನ್ನ ಕೈ ನಡುಗಿತು. ಕತ್ತಿನ ಹಿಂದೆ ಬೆವರಿಳಿಯಿತು. ಸೊಸೆ ಫೋನಿನಲ್ಲಿ ಮಾತಾಡುತ್ತಿದ್ದಳು. ಕರೆಯಲು ಬಾಯಿ ತೆರೆದವಳು ಒಮ್ಮೆ ಹಿಂಜರಿದೆ. ಸೊಸೆಯ ಮುಂದೆ ಕೈಚಾಚುವುದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕೆಂದು ನನಗೆ ಆಗ ಗೊತ್ತಾಯಿತು. "ಏನಾದ್ರೂ ಸಿಹಿ ಕೊಡಮ್ಮ, ಬೇಗ" ಎಂದೆ. ಅವಳು ಫೋನು ಬಿಸಾಕಿ ಓಡಿಬಂದಳು, ಸಕ್ಕರೆ ನೀರನ್ನು ತಾನೇ ಕುಡಿಸಿದಳು. ನಡುಕ ನಿಂತ ಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಹೇಳಿದೆ.

ನಾನು ಒಂದು ಸಲ ಕೇಳಿದೆ, ಕೊಟ್ಟಳು. ಅತ್ತೆ ಮೂರು ಸಲ ಕೇಳಿದ್ದರು.