ಪಂಪಮ್ಮನವರು ಕಲಿಸಿದ ಸಾವಕಾಶದ ಹೆಜ್ಜೆ

ಲಿಂಗಸೂಗೂರು, ಮಸ್ಕಿ, ಸಿಂಧನೂರುಗಳ ದವಾಖಾನೆಗಳಲ್ಲಿ ೧೯೪೮ರಿಂದ ದುಡಿದು ಈ ವರ್ಷ ನಿವೃತ್ತರಾಗುತ್ತಿರುವ ಶ್ರೀಮತಿ ಪಂಪಮ್ಮನವರಷ್ಟು ರೋಗಿಗಳ ವಿಶ್ವಾಸ ಗಳಿಸಿದ ದಾದಿಯರು ನಮ್ಮ ಸೀಮೆಯಲ್ಲಿ ವಿರಳ. ಹಿಂದೆ ರಂಗೂನಿನಲ್ಲಿದ್ದಾಗ ನೆರೆಮನೆಯ ಚೀನೀ ಅಜ್ಜಿಯಿಂದ ಅವರೊಂದು ವ್ಯಾಯಾಮ ಕಲಿತಿದ್ದರು: ಮೊಣಕಾಲು ತುಸು ಬಾಗಿಸಿ, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಮೆಲ್ಲನೆ ಸಾಗಿಸುತ್ತ, ನೀರೊಳಗೆ ಆಡಿಸಿದಂತೆ ತೋಳಾಡಿಸುವುದು.

೧೯೫೧ರಲ್ಲಿ ಮಸ್ಕಿಯ ಕಿರಾಣಿ ವ್ಯಾಪಾರಿ ಹಂಪಣ್ಣನವರು ನಡುಗುವ ಕೈಗಳೊಡನೆ ದವಾಖಾನೆಗೆ ಬಂದರು. ಹೊಸ್ತಿಲಲ್ಲಿ ಅವರ ಪಾದಗಳು ಅಂಟಿದಂತೆ ನಿಂತುಬಿಟ್ಟವು. ಡಾಕ್ಟರು ಪಂಪಮ್ಮನವರನ್ನು ಪಕ್ಕಕ್ಕೆ ಕರೆದು, ಇದು ಪಾರ್ಕಿನ್ಸನ್ ಕಾಯಿಲೆ, ಔಷಧದಿಂದ ನಡುಕ ತಗ್ಗೀತೇ ಹೊರತು ವಾಸಿಯಾಗದು ಎಂದರು. ಡಾಕ್ಟರ ಒಪ್ಪಿಗೆ ಪಡೆದು ಪಂಪಮ್ಮನವರು ದಿನವೂ ಬೆಳಗ್ಗೆ ರೋಗಿಯ ಬೆನ್ನ ಹಿಂದೆ ಕುರ್ಚಿಯಿಟ್ಟು ಆ ವ್ಯಾಯಾಮ ಮಾಡಿಸತೊಡಗಿದರು. ಎಂಟು ತಿಂಗಳಲ್ಲಿ ಹಂಪಣ್ಣನವರು ತಡವರಿಸದೆ ತಿರುಗಿ ನಿಲ್ಲುವಂತಾದರು.

ಆಮೇಲಿನದು ಸಿಡಿಲೆರಗಿದಂತೆ ಬಂತು. ಪೂರಾ ಗುಣವಾಯಿತೆಂದು ನಂಬಿ ಹಂಪಣ್ಣನವರು ಯಾರಿಗೂ ಹೇಳದೆ ಔಷಧ ನಿಲ್ಲಿಸಿದರು. ಒಬ್ಬರೇ ಬಾವಿಯ ಮೆಟ್ಟಿಲಿಳಿಯಲು ಹೋಗಿ ಬಿದ್ದು ತೊಡೆಯೆಲುಬು ಮುರಿದುಕೊಂಡರು. ಬಂಡಿಯಲ್ಲಿ ಮಲಗಿಸಿ ತಂದ ಅವರನ್ನು ಪಂಪಮ್ಮನವರೇ ಇಳಿಸಿಕೊಂಡರು.

“ಗುಣ ಆಗತೈತಿ ಅಂತ ನಂಬಿಸಿದಿ! ನನ್ನ ಗಂಡನ್ನ ನೀನೇ ಕೆಡವಿದಿ!” ಎಂದು ಹಂಪಣ್ಣನವರ ಪತ್ನಿ ವೀರಭದ್ರಮ್ಮ ಕೂಗಿದರು.

ಗುಣವಾಗುತ್ತದೆಂದು ಪಂಪಮ್ಮ ಎಂದೂ ಹೇಳಿರಲಿಲ್ಲ. ಆಗುವುದಿಲ್ಲವೆಂದೂ ಹೇಳಿರಲಿಲ್ಲ, ರೋಗಿಯ ಸಂತೋಷ ನೋಡಿ ಸುಮ್ಮನಿದ್ದುಬಿಟ್ಟಿದ್ದರು. ಅದು ಹೊಳೆದ ಮೇಲೆ ಮೂರು ವಾರ ಅವರು ಯಾರಿಗೂ ವ್ಯಾಯಾಮ ಕಲಿಸಲಿಲ್ಲ. ಕೊನೆಗೊಂದು ದಿನ ಹಂಪಣ್ಣನವರ ಮಂಚದ ಬಳಿ ಹೋಗಿ ನಿಂತರು.

“ಸಾವ್ಕಾರ್ರ, ಈ ಬ್ಯಾನಿ ಗುಣ ಆಗಂಗಿಲ್ರಿ. ಅವತ್ತೇ ಹೇಳಬೇಕಾಗಿತ್ತು. ನಂದು ತಪ್ಪಾತು.”

 ಹಂಪಣ್ಣನವರು, “ಕೈ ನಡುಗಿದ್ರ ನಡುಗಲಿ ಬಿಡವ್ವಾ. ಬೀಳದಂಗ ನಿಲ್ಲೂದು ಮತ್ತ ಕಲಿಸು,” ಎಂದರು.

ಎಲುಬು ಕೂಡಿದ ಮೇಲೆ ಮೊದಲು ಕುಳಿತೇ, ನಂತರ ಕೋಲೂರಿ ಅವರು ಮತ್ತೆ ಕಲಿತರು. ಕುರ್ಚಿ ಹಿಡಿದು ಹಿಂದೆ ನಿಂತವರು ವೀರಭದ್ರಮ್ಮನವರೇ.

ಸಿಂಧನೂರಿಗೆ ವರ್ಗವಾದ ಮೇಲೂ ಪಂಪಮ್ಮನವರು ಇಂಥ ಪ್ರತಿಯೊಬ್ಬ ರೋಗಿಗೂ ಮೊದಲು “ಇದರಿಂದ ಗುಣ ಆಗಂಗಿಲ್ರಿ” ಎಂದು ಹೇಳಿಯೇ ಕಲಿಸಿದರು. ಅದನ್ನು ಕೇಳಿ ಎದ್ದುಹೋದವರನ್ನು ಅಲ್ಲಿ ಅವರೊಡನೆ ದುಡಿದ ನಾನು ಕಂಡಿಲ್ಲ. ಪಂಪಮ್ಮನವರಿಗೆ ದೀರ್ಘಾಯುಷ್ಯವೂ ಆರೋಗ್ಯವೂ ಲಭಿಸಲಿ. ಅವರ ಮನೆಯಂಗಳದಲ್ಲಿ ಈ ಪಾಠ ಮುಂದುವರಿಯಲಿ. ಅಲ್ಲಿ ಕಲಿಯುವವರು ಯಾರೂ ಬೀಳದಿರಲಿ.