ಲೇಔಟಿನ ಪಾರ್ಕಿನಲ್ಲಿ ವಾರ್ಡ್ ಸಭೆ

ಪಂಚಾಯಿತಿ ಮೆಂಬರಾಗಿ ಗೆದ್ದ ಮೇಲೆ ನಡೆದ ಮೊದಲ ವಾರ್ಡ್ ಸಭೆಯಲ್ಲಿ ನಾನು ಆಡಿದ ಮಾತು ಯಾರಿಗೂ ಕೇಳಿಸಲಿಲ್ಲ. ನನ್ನ ದನಿಯೇನೂ ಸಣ್ಣದಲ್ಲ. ಹೊಲದ ಈ ತುದಿಯಿಂದ ಕೂಗಿದರೆ ಆ ತುದಿಯ ಎಮ್ಮೆ ತಿರುಗಿ ನೋಡುತ್ತದೆ. ತೊಂದರೆ ಇದ್ದದ್ದು ನಾನು ನಿಂತ ಜಾಗದಲ್ಲಿ.

ಸಭೆ ಯಾವಾಗಲೂ ಊರ ದೇವಸ್ಥಾನದ ಜಗಲಿಯ ಮೇಲೆ ನಡೆಯುತ್ತಿತ್ತು. ಮೇಜು, ಕುರ್ಚಿ, ಪಂಚಾಯಿತಿಯ ಪಿಡಿಒ ಸಾಹೇಬರು ಎಲ್ಲ ಮೇಲೆ. ಕಂಬಕ್ಕೆ ಒರಗಿ ಊರಿನ ಗೌಡರು, ಅವರ ಸುತ್ತ ಮೇಲಿನ ಬೀದಿಯವರು. ನಾವು ಕಾಲೋನಿಯವರು ರಸ್ತೆಯ ಈಚೆ ಬದಿಯಲ್ಲಿ, ಹೊಂಗೆ ಮರದ ಕೆಳಗೆ. ಮೇಲೆ ಬರಬೇಡಿ ಎಂದು ಯಾರೂ ಅನ್ನುತ್ತಿರಲಿಲ್ಲ. ಬನ್ನಿ ಎಂದೂ ಅನ್ನುತ್ತಿರಲಿಲ್ಲ. ನಾನು ಮೆಂಬರು, ಆದರೂ ಕಾಲು ತಾನಾಗಿಯೇ ಹೊಂಗೆ ಮರದ ಕಡೆ ಹೋಗಿತ್ತು.

ನಮ್ಮ ಬೀದಿಗೆ ಚರಂಡಿ ಬೇಕು ಎಂದೆ. ಅಷ್ಟರಲ್ಲಿ ಒಂದು ಟ್ರ್ಯಾಕ್ಟರ್ ಹಾದುಹೋಯಿತು. ಮತ್ತೆ ಹೇಳುವಷ್ಟರಲ್ಲಿ ವಿಮಾನ ಬಂತು. ದೇವನಹಳ್ಳಿಯ ಈ ಕಡೆಯ ಊರುಗಳಲ್ಲಿ ವಿಮಾನ ಬಂದರೆ ಮಾತು ನಿಲ್ಲಿಸುವುದು ಎಲ್ಲರಿಗೂ ರೂಢಿ. ಅದು ದಾಟಿ ಹೋದ ಮೇಲೆ ಗೌಡರು ಕಿವಿಗೆ ಕೈ ಹಿಡಿದು, "ಏನಮ್ಮಾ ಅಂದೆ? ಕೇಳಿಸ್ಲಿಲ್ಲ" ಅಂದರು. ಮೇಲಿನ ಬೀದಿಗೆ ಕಾಂಕ್ರೀಟು ಎಂದು ತೀರ್ಮಾನವಾಯಿತು. ಎಲ್ಲರೂ ಒಪ್ಪಿದರು ಎಂದು ಬರೆದುಕೊಂಡರು.

ಮನೆಗೆ ಬಂದು ಅತ್ತೆಯ ಮುಂದೆ ಕೂಗಾಡಿದೆ. ಅತ್ತೆ ಊರ ಪಕ್ಕದ ಲೇಔಟಿನಲ್ಲಿ ಪಾರ್ಕು ಗುಡಿಸುವ ಕೆಲಸಕ್ಕೆ ಹೋಗುತ್ತಾರೆ. ಮೊದಲು ದ್ರಾಕ್ಷಿ ತೋಟವಿದ್ದ ಜಾಗ ಅದು. ಈಗ ಸುತ್ತ ಎತ್ತರದ ಗೋಡೆ, ಒಂದೇ ಗೇಟು. ಗೋಡೆಯ ಈಚೆಗೆ ನಮ್ಮ ಬೀದಿ. ಒಳಗಿನ ಮನೆಗಳ ಕೊಳೆನೀರೆಲ್ಲ ಗೋಡೆಯ ಬುಡದ ಒಂದು ಪೈಪಿನಿಂದ ನಮ್ಮ ಬಾಗಿಲಿಗೇ ಬರುತ್ತದೆ. ಚರಂಡಿ ಕೇಳಿದ್ದು ಅದಕ್ಕೇ.

ಮರುವಾರ ಪಂಚಾಯಿತಿ ಆಫೀಸಿನಲ್ಲಿ ಖರ್ಚಿನ ಪಟ್ಟಿ ನೋಡುವಾಗ ಆ ಪಾರ್ಕಿನ ದೀಪದ ಬಿಲ್ಲು ಕಂಡಿತು. ಅದನ್ನು ನಾವೇಕೆ ಕಟ್ಟುತ್ತೇವೆ ಎಂದು ಪಿಡಿಒ ಅವರನ್ನು ಕೇಳಿದೆ.

"ಪಾರ್ಕು ನಮ್ದೇ ಅಲ್ವೇನಮ್ಮಾ. ಲೇಔಟ್ ಮಾಡಿದಾಗ್ಲೇ ಪಂಚಾಯ್ತಿಗೆ ಬರ್ಕೊಟ್ಟವ್ರೆ."

ನನ್ನ ಮುಖದಲ್ಲಿ ಏನೂ ಕಾಣದ ಹಾಗೆ ನೋಡಿಕೊಂಡೆ. "ಹಂಗಾದ್ರೆ ಮುಂದಿನ ವಾರ್ಡ್ ಸಭೆ ಅಲ್ಲೇ ಮಾಡ್ಬೋದಾ, ಸಾರ್?"

ಅವರು ಟೀ ಲೋಟವನ್ನು ಕೆಳಗಿಟ್ಟರು. "ಮಾಡ್ಬಾರ್ದು ಅಂತೇನಿಲ್ಲ. ನನ್ನ ಕೇಳಿ ಮಾಡ್ದೆ ಅಂತ ಮಾತ್ರ ಯಾರಿಗೂ ಹೇಳ್ಬೇಡಿ."

ಮುಂದಿನ ಸಭೆಯ ಹೊತ್ತಿಗೆ ಆಟೋಗೆ ಮೈಕು ಕಟ್ಟಿಸಿ, ಈ ಸಲ ಸಭೆ ಲೇಔಟಿನ ಪಾರ್ಕಿನಲ್ಲಿ ಎಂದು ಊರಲ್ಲೆಲ್ಲ ಸಾರಿಸಿದೆ. ಆ ದಿನ ಬೆಳಿಗ್ಗೆ ನಮ್ಮ ಮೆರವಣಿಗೆ ಲೇಔಟಿನ ಗೇಟಿಗೆ ಹೋದಾಗ ನನಗೇ ಆಶ್ಚರ್ಯವಾಯಿತು. ಕಾಲೋನಿಯವರು ಬರುತ್ತಾರೆಂದು ಗೊತ್ತಿತ್ತು. ಮೇಲಿನ ಬೀದಿಯ ಹೆಂಗಸರೂ ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಗೋಡೆಯ ಒಳಗೆ ಹೇಗಿದೆ ಎಂದು ಇಷ್ಟು ವರ್ಷ ಅವರೂ ನೋಡಿರಲಿಲ್ಲ.

ಗೇಟಿನಲ್ಲಿ ಕಾವಲಿಗಿದ್ದವನು ನನ್ನ ಗಂಡನ ಚಿಕ್ಕಪ್ಪನ ಮಗ. ಮೊಬೈಲ್ ಹಿಡಿದು ಅಡ್ಡ ನಿಂತ. "ಅತ್ಗೆ, ಯಾರ ಮನೆಗೆ ಅಂತ ಹಾಕ್ಬೇಕು ಇದ್ರಲ್ಲಿ. ಅವ್ರು ಹೂಂ ಅಂದ್ರೇನೇ ಬಿಡೋದು."

"ಯಾರ ಮನೆಗೂ ಅಲ್ಲ ಕಣೋ. ಪಾರ್ಕಿಗೆ."

"ಪಾರ್ಕು ಅಂತ ಇಲ್ಲ ಇದ್ರಲ್ಲಿ."

"ಹಂಗಾದ್ರೆ ನಿನ್ ಫೋನಿಗೆ ಗೊತ್ತಿಲ್ಲ, ಬಿಡು."

ಅವನು ಹಿಂದಿದ್ದ ಜನವನ್ನು ನೋಡಿದ. ಅದರಲ್ಲಿ ಅವನ ತಾಯಿಯೂ ಇದ್ದಳು. "ನಾನು ಟೀ ಕುಡಿಯಕ್ಕೆ ಹೋಗಿದ್ದೆ ಅಂದ್ಬಿಡ್ತೀನಿ" ಎಂದು ಗೇಟು ತೆಗೆದು, ನಿಜವಾಗಿಯೂ ಟೀ ಕುಡಿಯಲು ಹೋದ.

ಪಾರ್ಕಿನಲ್ಲಿ ಜಗಲಿ ಇಲ್ಲ. ಇರುವುದೆಲ್ಲ ಸಮತಟ್ಟು ಹುಲ್ಲು. ಮೇಜನ್ನೂ ಅದರ ಮೇಲೆಯೇ ಇಟ್ಟೆವು. ಜನ ಬಂದಂತೆ ಕುಳಿತರು, ಯಾರ ಪಕ್ಕ ಯಾರು ಎಂದು ಯೋಚಿಸುವಷ್ಟು ಪುರುಸೊತ್ತಿರಲಿಲ್ಲ. ಗೌಡರು ಕೊನೆಯಲ್ಲಿ ಬಂದರು. ಮಂಡಿನೋವು, ನೆಲಕ್ಕೆ ಕೂರಲಾಗದು. ಸಿಮೆಂಟು ಬೆಂಚುಗಳೆಲ್ಲ ಆಗಲೇ ಭರ್ತಿ. ಒರಗಿಕೊಳ್ಳಲು ಒಂದು ಕಂಬವೂ ಇಲ್ಲದೆ ಅವರು ಸುತ್ತ ನೋಡಿದರು. ಉಳಿದಿದ್ದದ್ದು ಜೋಡಿ ಉಯ್ಯಾಲೆ. ಒಂದರ ಮೇಲೆ ನಮ್ಮತ್ತೆ ಕುಳಿತಿದ್ದರು.

ಅತ್ತೆ ಜೀವಮಾನವೆಲ್ಲ ಅವರನ್ನು, ಆಳು ಒಡೆಯನನ್ನು ಕರೆಯುವ ಹಾಗೆ, 'ಬುದ್ದಿ' ಎಂದೇ ಕರೆದವರು. ಅಂದು, "ಬನ್ನಿ ಗೌಡ್ರೇ, ಇದು ಖಾಲಿ ಐತೆ" ಅಂದರು.

ಗೌಡರು ಉಯ್ಯಾಲೆಯ ಮೇಲೆ ಕುಳಿತರು. ಯಾರೂ ನಗಲಿಲ್ಲ, ಆದರೆ ಹೆಂಗಸರಲ್ಲಿ ಬಹಳ ಜನಕ್ಕೆ ಒಮ್ಮೆಲೇ ಕೆಮ್ಮು ಬಂತು.

ಸಭೆ ಶುರುವಾಗುವಷ್ಟರಲ್ಲಿ ಚಡ್ಡಿ, ಬಿಳಿ ಶೂ ಹಾಕಿಕೊಂಡು ಲೇಔಟಿನ ಸಂಘದ ಅಧ್ಯಕ್ಷರು ಬಂದರು. ರಿಟೈರಾದ ದೊಡ್ಡ ಆಫೀಸರಂತೆ. "ಏನ್ರೀ ಇದೆಲ್ಲ? ಇದು ಪ್ರೈವೇಟ್ ಜಾಗ" ಅಂದರು. ನಾನು ಪಿಡಿಒ ಕಡೆ ನೋಡಿದೆ. ಅವರು ವಿಮಾನ ನೋಡುತ್ತಿದ್ದರು. ವಿಮಾನ ಇರಲಿಲ್ಲ.

"ಪಂಚಾಯ್ತಿ ಪಾರ್ಕು ಸಾರ್. ಇದು ವಾರ್ಡ್ ಸಭೆ. ನೀವೂ ನಮ್ ವಾರ್ಡಿನವ್ರೇ, ಕೂತ್ಕೊಳ್ಳಿ" ಅಂದೆ.

"ನಮಗೆ ವಾರ್ಡ್ ಅಂತ ಇದೆಯಾ?" ಅವರ ದನಿಯಲ್ಲಿ ಸಿಟ್ಟಿಗಿಂತ ಅನುಮಾನವೇ ಹೆಚ್ಚಿತ್ತು. ಅವರ ವೋಟು ಇನ್ನೂ ಬೆಂಗಳೂರಿನಲ್ಲೇ ಇತ್ತು. ಅಷ್ಟರಲ್ಲಿ ಲೇಔಟಿನ ಒಬ್ಬ ಹೆಂಗಸು, "ನಮ್ಮ ಬೋರ್‌ವೆಲ್‌ನಲ್ಲಿ ನೀರು ಬರ್ತಿಲ್ಲ. ಅದನ್ನ ಇಲ್ಲಿ ಹೇಳಬಹುದಾ?" ಎಂದು ಹುಲ್ಲಿನ ಮೇಲೆ ಕುಳಿತೇಬಿಟ್ಟಳು.

ನಾನು ಚರಂಡಿಯ ಮಾತು ಎತ್ತಿದೆ. ಈ ಸಲ ಎಲ್ಲರಿಗೂ ಕೇಳಿಸಿತು. ಅಧ್ಯಕ್ಷರು ನಂಬಲಿಲ್ಲ. ತಮ್ಮ ಲೇಔಟಿನ ನೀರು ಶುದ್ಧವಾಗಿಯೇ ಹೊರಗೆ ಹೋಗುತ್ತದೆ ಎಂದರು.

ಅತ್ತೆ ಉಯ್ಯಾಲೆಯಿಂದಲೇ ಜಾರುಬಂಡೆಯನ್ನು ತೋರಿಸಿದರು. "ಅದ್ರ ಮ್ಯಾಲೆ ಹತ್ತಿ ನೋಡಿ ಸಾಮಿ. ಗೋಡೆ ಆಚೆ ಕಾಣ್ತದೆ."

ಅವರು ಹತ್ತಿದರು. ಗೋಡೆಯಾಚೆ ನೋಡಿದರು. ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ಬೋರ್‌ವೆಲ್ಲಿನ ಹೆಂಗಸೂ ಇನ್ನಿಬ್ಬರೂ ನೋಡಬೇಕೆಂದು ಅವರ ಹಿಂದೆಯೇ ಏಣಿ ಹತ್ತಿದ್ದರಿಂದ ಇಳಿಯುವ ದಾರಿ ಮುಚ್ಚಿಹೋಗಿತ್ತು. ಉಳಿದಿದ್ದು ಜಾರುವುದೊಂದೇ. ಅವರು ಜಾರಿ ಬಂದು, ಎದ್ದು ಚಡ್ಡಿ ಕೊಡವಿಕೊಂಡು, "ಚರಂಡಿ ಆಗಲೇಬೇಕು" ಅಂದರು. ಆಗ ಮಾತ್ರ ಸಭೆಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು.

ಗೌಡರು ಬಿಡಲಿಲ್ಲ. ಮೇಲಿನ ಬೀದಿಯ ಉಳಿದ ಕಾಂಕ್ರೀಟು ಮೊದಲು ಮುಗಿಯಲಿ ಎಂದು ವಾದಿಸಿದರು. ಜೋರಾಗಿ ಹೇಳಲು ಮುಂದಕ್ಕೆ ಬಾಗಿದಾಗಲೆಲ್ಲ ಉಯ್ಯಾಲೆ ಹಿಂದಕ್ಕೆ ಸರಿಯುತ್ತಿತ್ತು. ಕೊನೆಗೆ ನಾನು, ಎಲ್ಲರೂ ಒಪ್ಪಿದರು ಎಂದು ಬರೆಯುವುದು ಬೇಡ, ಕೈ ಎಣಿಸಿ ಅಂದೆ. ಚರಂಡಿಗೆ ಕಾಲೋನಿಯೆಲ್ಲ ಕೈ ಎತ್ತಿತು, ಲೇಔಟಿನವರು ಎತ್ತಿದರು, ಮೇಲಿನ ಬೀದಿಯ ಕೆಲವು ಹೆಂಗಸರೂ ಗೌಡರ ಕಡೆ ನೋಡದೆ ಎತ್ತಿದರು. ಗೌಡರ ಎರಡು ಕೈಯೂ ಸರಪಳಿ ಹಿಡಿದಿದ್ದವು.

"ಬಿಟ್ರೆ ಬಿದ್ದೀರ, ಹುಷಾರು" ಅಂದರು ಅತ್ತೆ.

ಗೌಡರು ಜನವನ್ನು ಒಮ್ಮೆ ನೋಡಿದರು. "ನಂದೂ ಎತ್ತಿದೆ ಅಂತ ಬರ್ಕೊಳ್ರಪ್ಪಾ" ಅಂದರು. ಸೋಲುವ ಕಡೆ ಇದ್ದು ಅವರಿಗೆ ಅಭ್ಯಾಸವಿರಲಿಲ್ಲ.

ಚರಂಡಿ ತಕ್ಷಣ ಆಗಲಿಲ್ಲ. ಅರ್ಧ ಆಗಿ ನಿಂತಿತು, ಮಳೆ ಬಂತು, ಮತ್ತೆ ಬೆನ್ನು ಹತ್ತಿ ಮಾಡಿಸಿ ಮುಗಿಸಿದೆ. ನಡುವೆ ಲೇಔಟಿನ ಕೆಲವರು ಪಾರ್ಕಿಗೆ ಹೊರಗಿನವರು ಬರಬಾರದೆಂದು ಬೋರ್ಡು ಹಾಕಿದರು. ಪಂಚಾಯಿತಿಯಿಂದ ನಾವು ಅದರ ಪಕ್ಕದಲ್ಲೇ, ಪಾರ್ಕು ಎಲ್ಲರದೂ ಎಂದು ಇನ್ನೂ ದೊಡ್ಡ ಬೋರ್ಡು ಹಾಕಿದೆವು. ಈಗ ಎರಡೂ ಅಲ್ಲೇ ನಿಂತಿವೆ. ಸಭೆಯೂ ಅಲ್ಲೇ ನಡೆಯುತ್ತದೆ.

ನಾನು ಎಣಿಸದೇ ಇದ್ದದ್ದು ಒಂದಿತ್ತು. ಅಧ್ಯಕ್ಷರು ತಮ್ಮ ವೋಟನ್ನು ನಮ್ಮ ವಾರ್ಡಿಗೆ ವರ್ಗ ಮಾಡಿಸಿಕೊಂಡರು. ಅವರ ಸಂಘದ ಇನ್ನೂ ಅನೇಕರೂ ಮಾಡಿಸಿಕೊಂಡರು. ಮುಂದಿನ ಸಲ ಮೀಸಲಾತಿ ಹೋಗಿ ಸೀಟು ಎಲ್ಲರಿಗೂ ತೆರೆದರೆ ನನ್ನ ಎದುರು ಅವರೇ ನಿಲ್ಲುತ್ತಾರಂತೆ. ಈಗ ಬೆಳಗಿನ ವಾಕಿಂಗಿಗೆ ನಮ್ಮ ಬೀದಿಗೇ ಬರುತ್ತಾರೆ, ಮನೆಮನೆಯಲ್ಲೂ ಚೆನ್ನಾಗಿದ್ದೀರಾ ಎಂದು ವಿಚಾರಿಸುತ್ತಾರೆ. ಮೊನ್ನೆ ಅತ್ತೆ ಅವರಿಗೆ ಕಾಫಿ ಕೊಟ್ಟು ಕಳಿಸಿ ಒಳಗೆ ಬಂದರು.

"ಒಳ್ಳೆ ಮನ್ಸ ಕಣೇ. ಗೆದ್ರೂ ಗೆಲ್ಬೋದು" ಅಂದರು.

"ನಿಮ್ ವೋಟು ಯಾರ್ಗೆ, ಅತ್ತೆ?" ಎಂದು ಕೇಳಿದೆ.

"ಅದ್ನೆಲ್ಲ ಹೇಳ್ತಾರಾ" ಎಂದು ಲೋಟ ತೊಳೆಯಲು ಹೋದರು.