ಆ ಮಗು ಮಾತಾಡಿದರೆ ನನಗೇಕೆ ಹೊಟ್ಟೆಕಿಚ್ಚು?

ಕಳೆದ ಭಾನುವಾರ ನನ್ನ ಓರಗಿತ್ತಿ ಗೀತಾಳ ಮಗ ಬಾಗಿಲಲ್ಲೇ ನಿಂತು ‘ದೊಡ್ಡಮ್ಮ’ ಎಂದು ಕೂಗಿದ. ನಾನು ಓಗೊಡಲಿಲ್ಲ. ಮತ್ತೆ ಕೂಗಿದ. ಅಡುಗೆಮನೆಯಲ್ಲಿ ಅಳುತ್ತಾ ನಿಂತೆ.

ಹೊಟ್ಟೆಕಿಚ್ಚು ಕಣ್ರೀ. ಎರಡೂವರೆ ವರ್ಷದ ಮಗುವಿನ ಮೇಲೆ! (ನಗಬೇಡಿ. ನಿಮಗೂ ಯಾರ ಮೇಲಾದರೂ ಇದ್ದೇ ಇರುತ್ತದೆ.)

ಅವನು ಹುಟ್ಟಿ ನಾಲ್ಕೇ ತಿಂಗಳಿಗೆ ಹುಣಸೂರಿನ ಅದೇ ಆಸ್ಪತ್ರೆಯಲ್ಲಿ ನನ್ನ ಮಗಳು ಹುಟ್ಟಿದಳು. ಇಬ್ಬರಿಗೂ ಹುಟ್ಟಿನಿಂದಲೇ ಕಿವಿ ಕೇಳಿಸದು. ಅವನಿಗೆ ಮೂರನೇ ದಿನವೇ ಕಿವಿ ಪರೀಕ್ಷೆ ಆಯಿತು. ಅನುಮಾನ ಬಂದು ಮೈಸೂರಿಗೆ ಕಳಿಸಿದರು. ಆರು ತಿಂಗಳಿಗೇ ಕಿವಿಗೆ ಮಿಷನ್ ಬಂತು.

ಆಗ ನಾನೇನು ಮಾಡಿದೆ ಗೊತ್ತೇ? ಗೀತಾಳ ಕೈ ಹಿಡಿದು ಸಮಾಧಾನ ಹೇಳಿದೆ. ಒಳಗೊಳಗೇ, ಸದ್ಯ ನನ್ನ ಮಗು ಚೆನ್ನಾಗಿದೆ ಎಂದುಕೊಂಡೆ.

ನನ್ನ ಮಗಳು ಹುಟ್ಟಿದ್ದು ಹಂದಿಜ್ವರದ ಗಲಾಟೆಯಲ್ಲಿ. ಒಬ್ಬರು ಕೆಮ್ಮಿದರೆ ಇಡೀ ವಾರ್ಡ್ ತಿರುಗಿ ನೋಡುತ್ತಿದ್ದ ಕಾಲ. ಕಿವಿ ಪರೀಕ್ಷೆಯವರು ಬರುವುದನ್ನೇ ನಿಲ್ಲಿಸಿದ್ದರು.

‘ಎಳೇ ಕೂಸು, ಇಲ್ಲಿ ಜಾಸ್ತಿ ಒತ್ತು ಇರ್ಬೇಡ ಕಣವ್ವ. ಜ್ವರ ತಗ್ಗಲಿ, ಆಮ್ಯಾಕೆ ಪರೀಕ್ಷೆಗೆ ಕರ್ಕೊಂಬಾ’ ಎಂದರು ನರ್ಸಮ್ಮ.

ಜ್ವರ ತಗ್ಗಿತು. ನಾನು ಹೋಗಲಿಲ್ಲ. ಗೀತಾಳ ಮಗನನ್ನು ನೋಡಿಯೂ ಹೋಗಲಿಲ್ಲವೇ ಅನ್ನುತ್ತೀರಾ? ನೋಡಿದ್ದಕ್ಕೇ ಹೋಗಲಿಲ್ಲ. ಆಸ್ಪತ್ರೆಯವರು ಏನು ಹೇಳಿಬಿಡುತ್ತಾರೋ ಎಂಬ ಹೆದರಿಕೆ. ಮಗಳು ನನ್ನ ಮುಖ ನೋಡಿ ನಗುತ್ತಿದ್ದಳು. ಅಷ್ಟೇ ಸಾಕು ಅಂದುಕೊಂಡೆ.

ಎರಡು ವರ್ಷವಾದರೂ ಮಾತು ಬರದಿದ್ದಾಗ ಮೈಸೂರಿಗೆ ಓಡಿದೆವು. ಈಗ ಅವಳಿಗೂ ಮಿಷನ್ ಇದೆ. ‘ಅಮ್ಮ’ ಎಂಬ ಮಾತು ಮಾತ್ರ ಇನ್ನೂ ಬಂದಿಲ್ಲ.

ಭಾನುವಾರ ಗೀತಾ ಅಡುಗೆಮನೆಗೇ ಬಂದಳು. ‘ಯಾಕಕ್ಕ, ಅವ್ನು ಕರುದ್ರೂ ಮಾತಾಡಕಿಲ್ವಾ?’

‘ನಿನ್ ಮಗನ್ನ ಕಂಡ್ರೆ ಒಟ್ಟೆ ಉರೀತದೆ ಕಣೆ’ ಎಂದುಬಿಟ್ಟೆ.

ಬೈಯುತ್ತಾಳೆಂದು ಕಾದೆ. ಅವಳು ಬಾಗಿಲಿಗೆ ಒರಗಿದಳು.

‘ನಂಗೂ ಉರೀತಿತ್ತು ಕಣಕ್ಕ. ಅವತ್ತು ನನ್ ಕೈ ಇಡ್ಕೊಂಡು ಸಮಾಧಾನ ಮಾಡ್ದಲ್ಲ, ನಿನ್ ಮಡಿಲಲ್ಲಿದ್ ಕೂಸ್ನ ನೋಡಕ್ಕೇ ಆಯ್ತಿರ್ಲಿಲ್ಲ ನಂಗೆ.’

ಆಮೇಲೆ ನನ್ನ ಮಗಳನ್ನು ಎತ್ತಿಕೊಂಡು, ‘ನಾಳಿಂದ ಇವ್ಳ್ನೂ ನಮ್ಮನೆಗೆ ಕಳ್ಸು. ಇಬ್ರುನ್ನೂ ಒಟ್ಗೇ ಕೂರುಸ್ಕೊಂಡು ಮಾತು ಕಲಿಸ್ತೀನಿ’ ಎಂದಳು.

ಕಳಿಸುತ್ತಿದ್ದೇನೆ. ಹೊಟ್ಟೆಕಿಚ್ಚು ಹೋಗಿದೆಯೇ? ಇಲ್ಲ. ಆ ಮಗುವನ್ನು ಬಿಟ್ಟು ಲೆಕ್ಕ ಇಡುವವರ ಕಡೆ ಸ್ವಲ್ಪ ದಿಕ್ಕು ಬದಲಿಸಿದೆ, ಅಷ್ಟೆ.

ಆ ವರ್ಷ ಜ್ವರ ಬಂದವರ ಲೆಕ್ಕ ದಿನಾ ಪೇಪರಿನಲ್ಲಿ ಬರುತ್ತಿತ್ತು. ಪರೀಕ್ಷೆ ತಪ್ಪಿದ ಕೂಸುಗಳನ್ನು ಯಾರಾದರೂ ಎಣಿಸಿದರೇ?